ಎರಡನೇ ರಾಶಿ

ಜೂನ್ ೯

ಅಪ್ಪಾ,

ಫೋನ್ ಮಾಡಿ ಪ್ರಯೋಜನವಿಲ್ಲ. ಲೇತ್ ಮಿಷನ್ ಸದ್ದಿಗೆ ನಿನ್ನ ಕಿವಿ ಅರ್ಧ ಹೋಗಿದೆ, ಉಳಿದರ್ಧವನ್ನು ನೀನೇ ಬೇಕಾದಾಗ ಮುಚ್ಚಿಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇವರು ಕೆಲಸಕ್ಕೆ ಹೋಗುವಾಗ ನಿಮ್ಮ ಫ್ಯಾಕ್ಟರಿ ಗೇಟಿನಲ್ಲಿ ಕೊಡುತ್ತಾರೆ. "ಮಾವನ ಕ್ವಾರ್ಟರ್ಸ್ ಇರೋದು ದಿಬ್ಬದ ಮೇಲೆ, ನಾವಿರೋದು ದಿಬ್ಬದ ಕೆಳಗೆ. ಇಷ್ಟಕ್ಕೂ ಅಂಚೆಯವನು ಬೇಕಾ" ಅಂತ ನಕ್ಕರು. ನಗಲಿ. ನನಗೆ ನಗು ಬರುತ್ತಿಲ್ಲ.

ನಿನ್ನೆ ಜೋರು ಮಳೆ ಬಂತಲ್ಲ. ಶುರುವಾಗಿ ಕಾಲು ಗಂಟೆಯಾಗಿರಲಿಲ್ಲ, ನಮ್ಮ ಮನೆ ಮುಂದಿನ ಚರಂಡಿ ಬೆಳ್ಳಗಾಯಿತು. ಕೆಸರಿನ ಬಣ್ಣವಲ್ಲ, ಹಾಲಿನ ಬಣ್ಣ. ಪಕ್ಕದ ಮನೆ ದರ್ಜಿ ಹೊರಗೆ ಬಂದು, "ಮೇಲೆಲ್ಲೋ ಹಾಲಿನ ವ್ಯಾನ್ ಮಗುಚಿರಬೇಕು, ಒಂದು ಪಾತ್ರೆ ತಗೊಂಬಾಮ್ಮ" ಅಂದರು. ನಾನು ಬಗ್ಗಿ ಮೂಸಿದೆ. ನಿನ್ನ ಅಂಗಿಯ ವಾಸನೆ. ಅಮ್ಮ ಹೋದ ಮೇಲೆ ಮದುವೆಯಾಗುವವರೆಗೂ ವಾರಕ್ಕೆ ಆರು ಸಲ ಒಗೆದ ಅಂಗಿಯ ವಾಸನೆ ನನಗೆ ಗೊತ್ತಾಗದೆ ಇರುತ್ತಾ? ಉಕ್ಕು ಕೊರೆಯುವಾಗ ಕಾಯದ ಹಾಗೆ ಸುರಿಯುವ ಎಣ್ಣೆ-ನೀರು ಅದು. ಲೇತ್‌ನಿಂದ ಬೀಳುವ ಉಕ್ಕಿನ ಸುರುಳಿಗಳ ಮೈಗೆ ಅಂಟಿಕೊಂಡು ನಿಮ್ಮ ಯಾರ್ಡಿಗೆ ಬರುತ್ತದಲ್ಲ, ಅದೇ.

ನೀರು ಮೆಟ್ಟಿಲು ಹತ್ತಿ ಜಗಲಿಗೆ ಬಂದು ಇಳಿಯಿತು. ಇಳಿದ ಮೇಲೆ ನೆಲದಲ್ಲಿ ಬಣ್ಣಬಣ್ಣದ ಪೊರೆ. ಮೂರು ಸಲ ತೊಳೆದೆ. ನಿನ್ನ ಮೊಮ್ಮಗಳು, ಈ ಇಲಿಮರಿ, ಈಗ ಹರಿದಾಡುತ್ತಾಳೆ ಅಪ್ಪಾ. ಅವಳ ಅಂಗೈ ನೆಲದ ಮೇಲೆ, ಆಮೇಲೆ ಅದೇ ಅಂಗೈ ಬಾಯಲ್ಲಿ.

ಯಾರ್ಡಿನಲ್ಲಿ ಆ ಸುರುಳಿಗಳ ಮೂರು ರಾಶಿಯೂ ನಿನ್ನ ಜವಾಬ್ದಾರಿ. ಮೋಡ ಕಂಡರೆ ರಾಶಿ ಮುಚ್ಚಲು ಕಲಸಿದ ಅನ್ನ ಬಿಟ್ಟು ಏಳುತ್ತಿದ್ದವನು ನೀನು. ಜನ ನಿನಗೆ ತಾಡಪಾಲು ಮೇಸ್ತ್ರಿ ಅಂತ ಸುಮ್ಮನೆ ಹೆಸರಿಟ್ಟರಾ? ನಾನು ಆರು ವರ್ಷದವಳಿದ್ದಾಗ ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು, "ಬಿಟ್ಟೀಯ ಜೋಕೆ, ಇದು ಕೆಳಗಿನ ಬೀದಿಯವರ ನೀರು" ಅಂದಿದ್ದೆ. ಈಗ ಕೆಳಗಿನ ಬೀದಿಯಲ್ಲಿ ನಾನಿದ್ದೇನೆ.

ರಾಶಿ ಮುಚ್ಚಿತ್ತಾ ಇಲ್ಲವಾ, ಅಷ್ಟು ಹೇಳು.

ನಿನ್ನ ಮಗಳು

*

ಜೂನ್ ೧೪

ಪುಟ್ಟಿ,

ಕಾಗದ ತಲುಪಿತು. ಮೊದಲನೇ ಮಳೆ ಅಂದರೆ ಹಾಗೇ, ಬೇಸಿಗೆಯಲ್ಲಿ ಬಿದ್ದದ್ದನ್ನೆಲ್ಲ ತೊಳೆದುಕೊಂಡು ಹೋಗುತ್ತೆ. ಎರಡು ಮಳೆ ಆದರೆ ತಿಳಿಯಾಗುತ್ತೆ. ಗಾಬರಿ ಬೇಡ.

ರಾಶಿಗಳು ಮೊದಲಿದ್ದ ಶೆಡ್ಡು ಈಗ ನಮ್ಮ ಕೈಯಲ್ಲಿಲ್ಲ. ಒಂದನೇ ತಾರೀಕಿನಿಂದ ಅಲ್ಲಿ ಬಣ್ಣ ಹೊಡೆಸಿ ತಯಾರಾದ ಮಾಲು ಇಟ್ಟಿದ್ದಾರೆ. ಹೊಸ ಗಿರಾಕಿ ನೋಡಲು ಬರುತ್ತಾರಂತೆ. ಸುರುಳಿ ರಾಶಿಗಳನ್ನು ಹಿಂದಿನ ಗೋಡೆ ಪಕ್ಕಕ್ಕೆ, ಬಯಲಿಗೆ ತಳ್ಳಿಸಿದರು. ನಾನು ನೋಡಿಕೊಳ್ಳುತ್ತೇನೆ. ಮೂವತ್ತೊಂದು ವರ್ಷ ನೋಡಿಕೊಂಡಿಲ್ಲವಾ?

ಮನೆ ಸೋರುತ್ತಿಲ್ಲ ತಾನೇ? ಅಳಿಯಂದಿರ ಕೈಯಲ್ಲಿ ಒಂದು ಉಜ್ಜುವ ಬ್ರಷ್ ಕಳಿಸಿದ್ದೇನೆ. ಜಿಡ್ಡಿಗೆ ಬಿಸಿನೀರು ಹಾಕು.

ಇಲಿಮರಿಗೆ ಮುದ್ದು.

ನಿನ್ನ ಅಪ್ಪ

*

ಜುಲೈ ೨

ಅಪ್ಪಾ,

ಎರಡು ಮಳೆ ಅಂದಿದ್ದೆ. ನಾನು ಎಣಿಸುತ್ತಿದ್ದೇನೆ, ಒಂಬತ್ತಾಯಿತು. ಒಂಬತ್ತೂ ಸಲ ಹಾಲು.

ಮೊನ್ನೆ ಬೆಳಿಗ್ಗೆ ಇಲಿಮರಿ ಜಗಲಿಯಲ್ಲಿ ಕೂತು ಮುಷ್ಟಿ ಬಿಗಿಹಿಡಿದು ನಗುತ್ತಿದ್ದಳು. ಏನೋ ಸಿಕ್ಕಿದೆ ಅಂತ ಬಿಡಿಸಲು ಹೋದೆ. ಬಿಡಲೊಲ್ಲಳು. ಆಮೇಲೆ ಬೆರಳ ಸಂದಿಯಿಂದ ರಕ್ತ ಬಂತು. ಒಳಗೆ ಉಕ್ಕಿನ ಸುರುಳಿ. ಪೆನ್ಸಿಲ್ ಕೆತ್ತಿದಾಗ ಬೀಳುತ್ತದಲ್ಲ, ಅಷ್ಟೇ ಉದ್ದ, ಅಷ್ಟೇ ತೆಳು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವಳಿಗೆ ಆಟಿಕೆ. ನೀರು ತಂದು ಹಾಕಿದ್ದು. ಅದನ್ನು ಈ ಕಾಗದದ ಜೊತೆ ಮಡಿಸಿಟ್ಟಿದ್ದೇನೆ, ಜೋಪಾನ, ನಿನ್ನ ಕೈಗೂ ಚುಚ್ಚೀತು. ಚುಚ್ಚಿದರೆ ಚುಚ್ಚಲಿ.

ಆಸ್ಪತ್ರೆಯಿಂದ ಬಂದವಳೇ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ದಿಬ್ಬ ಹತ್ತಿದೆ. ನಿನ್ನನ್ನು ಕರೆಸಲಿಲ್ಲ. ನಿಮ್ಮ ಹಿಂದಿನ ಗೋಡೆಯ ಬಿರುಕಿನಲ್ಲಿ ಕಣ್ಣಿಟ್ಟು ನೋಡಿದೆ. ಒಂದನೇ ರಾಶಿಯ ಮೇಲೆ ತಾಡಪಾಲು ಇದೆ, ಹೆಸರಿಗೆ. ನಡುವೆ ಎಮ್ಮೆ ನುಗ್ಗುವಷ್ಟು ತೂತು. ಎರಡನೇ ರಾಶಿ ಬೋಳು. ಮೂರನೇ ರಾಶಿಯೂ ಬೋಳು. ಅದರ ತಾಡಪಾಲು ಎಲ್ಲಿದೆ ಗೊತ್ತಾ? ಶೆಡ್ಡಿನಲ್ಲಿ, ಸೂರಿನ ಕೆಳಗೆ, ಹೊಸ ಪೆಟ್ಟಿಗೆಗಳ ಮೇಲೆ, ಬಿಳಿ ಬಣ್ಣದ ಮೂರರ ಅಂಕಿ ಇಲ್ಲಿಗೇ ಕಾಣುತ್ತಿತ್ತು. ಧೂಳು ಕೂರಬಾರದಂತೆ.

ನಿಮ್ಮ ಮ್ಯಾನೇಜರ್ ಗೇಟಿಗೆ ಬಂದರು. ಸುರುಳಿ ತೋರಿಸಿದೆ. "ನಿಮ್ಮ ಮನೆಯವರದೇ ಅಂಗಿ ಜೇಬಿಂದ ಬಿದ್ದಿರಬಹುದು ನೋಡಿಮ್ಮ" ಅಂದರು. ಇವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಜೇಬಲ್ಲಿ ಉಕ್ಕು ಇಟ್ಟುಕೊಂಡು ಮಾತ್ರೆ ಮಾರುತ್ತಾರಾ? "ನಿಮ್ಮ ತಂದೆ ಇಲ್ಲಿ ಯಾರ್ಡ್ ನೋಡ್ಕೋತಾರೆ, ಅವರನ್ನೇ ಕೇಳಿ" ಅಂತ ಹೇಳಿ ಒಂದು ಥರ ನಕ್ಕರು. ಆ ನಗು ನನಗೆ ಅರ್ಥವಾಗಲಿಲ್ಲ.

ಮಾಲಿನ್ಯ ಕಚೇರಿಗೆ ದೂರು ಬರೆದು ಹಾಕಿದೆ. ನಿನಗೆ ಹೇಳದೆ ಮಾಡಿದೆ ಅನ್ನಬೇಡ, ಈಗ ಹೇಳುತ್ತಿದ್ದೇನೆ.

ನಿನ್ನ ಮಗಳು

*

ಜುಲೈ ೬

ಪುಟ್ಟಿ,

ಕೈ ಹೇಗಿದೆ? ಇಂಜೆಕ್ಷನ್ ಹಾಕಿಸಿದೆ ತಾನೇ? ಊತ ಇದ್ದರೆ ಮತ್ತೆ ಕರೆದುಕೊಂಡು ಹೋಗು, ಅಳಿಯಂದಿರ ಮಾತ್ರೆ ನಂಬಿ ಕೂರಬೇಡ.

ನಿನ್ನೆ ನಿಮ್ಮ ಮನೆವರೆಗೂ ಬಂದಿದ್ದೆ. ಒಳಗೆ ಅವಳನ್ನು ಮಲಗಿಸುತ್ತಿದ್ದ ಸದ್ದು ಕೇಳಿಸಿತು. ಬಾಗಿಲು ತಟ್ಟಿದರೆ ಎದ್ದಾಳು ಅಂತ ವಾಪಸ್ ಹೋದೆ.

ದೂರು ಬರೆಯುವ ಮುಂಚೆ ಒಂದು ಮಾತು ಕೇಳಬಹುದಿತ್ತು. ಎಲ್ಲದಕ್ಕೂ ಒಂದು ಲೆಕ್ಕಾಚಾರ ಇರುತ್ತೆ ಮಗಳೇ, ನೀನು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತೆ. ಸ್ವಲ್ಪ ತಡೆದುಕೋ.

ಗಾಳಿ ಜೋರಿದೆ. ನಿಮ್ಮ ಸೂರಿನ ಮೇಲೆ ಇಟ್ಟ ಕಲ್ಲುಗಳು ಜರುಗಿಲ್ಲ ತಾನೇ? ತೊಟ್ಟಿಲ ಕೋಣೆ ಒಣಗಿದೆಯಾ?

ನಿನ್ನ ಅಪ್ಪ

*

ಆಗಸ್ಟ್ ೩

ಅಪ್ಪನವರಿಗೆ,

ಮಾಲಿನ್ಯ ಕಚೇರಿಯಿಂದ ಉತ್ತರ ಬಂದಿದೆ. "ಕಾರ್ಖಾನೆಯ ಮಳೆ ಪುಸ್ತಕವನ್ನು ಪರಿಶೀಲಿಸಲಾಗಿ, ಮಳೆಯಾದ ಎಲ್ಲಾ ದಿನಗಳಲ್ಲೂ ರಾಶಿಗಳನ್ನು ಮುಚ್ಚಲಾಗಿತ್ತೆಂದು ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ." ನಂಬಿಕೆ ಬಾರದಿದ್ದರೆ ಇರಲಿ ಅಂತ ಪುಸ್ತಕದ ಎರಡು ಪುಟಗಳ ನಕಲನ್ನೂ ಇಟ್ಟಿದ್ದಾರೆ.

ಜೂನ್ ೮. ರಾಶಿ ೧ ಮುಚ್ಚಿದೆ. ರಾಶಿ ೨ ಮುಚ್ಚಿದೆ. ರಾಶಿ ೩ ಮುಚ್ಚಿದೆ. ಹೀಗೇ ಹದಿನೇಳು ದಿನ. ಪ್ರತಿ ಸಾಲಿನ ಕೊನೆಗೂ ನಿಮ್ಮ ಸಹಿ.

ನಿಮ್ಮ ಅಕ್ಷರ ಗುರುತು ಹಿಡಿಯಲು ನನಗೆ ಸಹಿ ಬೇಕಾಗಿಲ್ಲ. ಕೈ ಹಿಡಿದು ಅ ಆ ತಿದ್ದಿಸಿದವರು ನೀವು. ಬಾಯಿಗೆ ಬಂದ ಸುಳ್ಳು ಗಾಳಿಗೆ ಹೋಗುತ್ತೆ, ಬರೆದ ಸುಳ್ಳು ಮನೆ ಕಟ್ಟಿಕೊಂಡು ಕೂರುತ್ತೆ ಅಂತ, ಸುಳ್ಳು ತಾರೀಕು ಹಾಕಿದ್ದ ನನ್ನ ಕಾಪಿ ಪುಸ್ತಕ ಹರಿದು ಹಾಕಿದ್ದಿರಿ. ನೋಡಿ, ನಿಮ್ಮ ಸುಳ್ಳು ಈಗ ನಮ್ಮ ಜಗಲಿಯಲ್ಲಿ ಮನೆ ಕಟ್ಟಿಕೊಂಡಿದೆ.

ಜೂನ್ ಮೂವತ್ತರ ಸಾಲು ನೋಡಿದೆ. ಅವಳ ಅಂಗೈ ಕೊಯ್ದ ದಿನ. ಅವತ್ತೂ ಮುಚ್ಚಿದೆ ಅಂತಲೇ ಇದೆ. ಮಸಿ ಚೂರೂ ಕದಡಿಲ್ಲ, ಕೈ ನಡುಗಿದ ಗುರುತಿಲ್ಲ.

ನನಗೆ ನಿದ್ದೆ ಬರುತ್ತಿಲ್ಲ. ಅವಳಿಗೆ ಮೊಣಕಾಲಿನಿಂದ ಕೆಳಗೆ ಗುಳ್ಳೆ ಎದ್ದಿದೆ. ದರ್ಜಿಯ ಬಾವಿ ನೀರಿನ ಮೇಲೆ ಪೊರೆ ನಿಂತಿದೆ, ಈಗ ಅವರು ಹಾಲಿನ ವ್ಯಾನಿನ ಜೋಕು ಮಾಡುವುದಿಲ್ಲ. "ನಿಮ್ಮಪ್ಪನ ಫ್ಯಾಕ್ಟರಿ" ಅನ್ನುತ್ತಾರೆ. ಯಾಕೆ ಬರೆದಿರಿ ಅಂತ ಕೇಳುವುದಿಲ್ಲ. ಉತ್ತರ ಬರೆಯಬೇಡಿ, ಬರೆಯುವುದನ್ನೆಲ್ಲ ಬರೆದಾಗಿದೆಯಲ್ಲ.

ಇತಿ,
ಕೆಳಗಿನ ಬೀದಿಯ ನಿವಾಸಿ

*

ಆಗಸ್ಟ್ ೧೨

ಅಪ್ಪಾ,

ಬರೆಯಬೇಡಿ ಅಂದಿದ್ದಕ್ಕೆ ನೀನು ನಿಜವಾಗಿಯೂ ಬರೆಯಲಿಲ್ಲ. ಬೇರೆ ಮಾತನ್ನೂ ಇಷ್ಟೇ ಚೆನ್ನಾಗಿ ಕೇಳಿದ್ದರೆ.

ನಿನ್ನೆ ಮಧ್ಯಾಹ್ನ ಗಾಳಿಗೆ ತೊಟ್ಟಿಲ ಕೋಣೆಯ ಮೇಲೆ ಪಟಪಟ ಸದ್ದು. ಇವರು ಅಂಗಡಿಯಲ್ಲಿದ್ದರು. ಮಗುವನ್ನು ದರ್ಜಿಯ ಹೆಂಡತಿಯ ಕೈಗೆ ಕೊಟ್ಟು ಏಣಿ ಹಾಕಿ ನಾನೇ ಹತ್ತಿದೆ. ಮೇ ತಿಂಗಳಲ್ಲಿ ನೀನೂ ಇವರೂ ಸೇರಿ ತಾಡಪಾಲು ಹೊದಿಸಿದಿರಲ್ಲ, ಅದರ ಮೂಲೆ ಮಗುಚಿಕೊಂಡಿತ್ತು. ಕಲ್ಲು ಸರಿಮಾಡೋಣ ಅಂತ ಬಗ್ಗಿದೆ.

ಮೂಲೆಯ ಒಳಮಗ್ಗುಲಲ್ಲಿ ನೀಲಿ ತೇಪೆ. ನನ್ನ ನಾಲ್ಕನೇ ಕ್ಲಾಸಿನ ಚೀಲದ ತುಂಡು, ಜೇಬಿನ ಹೊಲಿಗೆ ಸಮೇತ. ಅಮ್ಮ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ದಬ್ಬಳದಲ್ಲಿ ಸೆಣಬಿನ ದಾರ ಪೋಣಿಸಿ, "ಕಂಪನಿ ತೂತಿಗೆಲ್ಲ ನಾನೇ ತೇಪೆ" ಅಂತ ನಿನ್ನನ್ನು ಬೈಯುತ್ತಾ ಹೊಲಿದದ್ದು. ತೇಪೆಯ ಪಕ್ಕ ಬಿಳಿ ಬಣ್ಣದಲ್ಲಿ ಅಂಕಿ. ಎರಡು.

ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಕೆಳಗಿಂದ ದರ್ಜಿಯ ಹೆಂಡತಿ, "ಏನಮ್ಮಾ, ಹಾವಾ?" ಅಂದರು.

"ಹಳೇದು, ಎಸೀತಿದ್ರು, ತಗೊಂಬಂದೆ" ಅಂದಿದ್ದೆ ನೀನು. ಪ್ರತಿ ಕಾಗದದಲ್ಲೂ ಮನೆ ಸೋರುತ್ತಿಲ್ಲ ತಾನೇ ಅಂತ ಕೇಳಿದ್ದೆ. ಈಗ ಅರ್ಥವಾಯಿತು. ಎರಡನೇ ರಾಶಿಯ ತಾಡಪಾಲಿನ ಕೆಳಗೆ ನನ್ನ ಮಗಳು ಮಲಗಿದ್ದಾಳೆ, ಎರಡನೇ ರಾಶಿಯ ನೀರಿನಲ್ಲಿ ಅವಳೇ ಹರಿದಾಡುತ್ತಿದ್ದಾಳೆ. ಎರಡು ತಿಂಗಳಿಂದ ನಾನು ನಿನ್ನ ಮೇಲೆ ಕಾರಿದ ಬೆಂಕಿಯನ್ನೆಲ್ಲ ಈ ತಾಡಪಾಲಿನ ಕೆಳಗೆ ಬೆಚ್ಚಗೆ ಕೂತೇ ಬರೆದದ್ದು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಮಾಡಿಕೊಳ್ಳುವುದಂತೂ ಬಿಡುವುದಿಲ್ಲ.

ಒಂದೇ ಪ್ರಶ್ನೆ. ಮ್ಯಾನೇಜರ್‌ಗೆ ಇದು ಗೊತ್ತಾ?

ಮಗಳು

*

ಆಗಸ್ಟ್ ೧೬

ಪುಟ್ಟಿ,

ಗೊತ್ತು.

ಹೋದ ಸಲ ನೀನು 'ನೀವು' ಅಂತ ಬರೆದಿದ್ದೆ. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಈ ಸಲ ಬೈದಿದ್ದೀಯ, ಜೀವ ಬಂತು.

ಮೇ ತಿಂಗಳ ಆ ಮಳೆಯಲ್ಲಿ ನೀನು ಅಳುತ್ತಾ ಬಂದೆ. ತೊಟ್ಟಿಲ ಮೇಲೆ ಸೋರುತ್ತಿದೆ, ಮಗುವಿಗೆ ಎದೆಯಲ್ಲಿ ಕಫ, ಮನೆ ಮಾಲೀಕ ದೀಪಾವಳಿಗೆ ತಗಡು ಹಾಕಿಸುತ್ತೇನೆ ಯುಗಾದಿಗೆ ಹಾಕಿಸುತ್ತೇನೆ ಅಂತ ದಿನ ದೂಡುತ್ತಾನೆ ಅಂದೆ. ಆಗ ರಾಶಿಗಳೆಲ್ಲ ಶೆಡ್ಡಿನೊಳಗೇ ಇದ್ದವು. ಕೆಳಗೆ ಸಿಮೆಂಟಿನ ನೆಲ, ಎಣ್ಣೆ ಇಳಿದು ಬರುವುದಕ್ಕೆ ಗುಂಡಿ, ಮೇಲೆ ತಗಡು. ತಾಡಪಾಲು ಬರೀ ಎರಚಲಿಗೆ. ಒಂದು ತಿಂಗಳಿಗೆ ಒಯ್ದರೆ ಯಾರ ಗಂಟು ಹೋಗುತ್ತೆ ಅನ್ನಿಸಿತು. ಕೇಳದೆ ತಂದೆ. ಕೇಳಿದ್ದರೆ ಕೊಡುತ್ತಿರಲಿಲ್ಲ.

ಜೂನ್ ಒಂದಕ್ಕೆ ರಾಶಿಗಳನ್ನು ಬಯಲಿಗೆ ಹಾಕಿದರು. ನಾನು ಮ್ಯಾನೇಜರ್ ಹತ್ತಿರ ಹೋಗಿ, ಸೂರಿಲ್ಲದೆ ಆಗಲ್ಲ ಸಾರ್, ಇಲ್ಲ ಅಂದರೆ ಹಾಗೇ ಪುಸ್ತಕದಲ್ಲಿ ಬರೆಯಬೇಕಾಗುತ್ತೆ ಅಂದೆ. ಅವರು ಟೀ ಕುಡಿಯುತ್ತಿದ್ದರು. "ಬರಿ ಮೇಸ್ತ್ರಿ. ಎರಡನೇ ತಾಡಪಾಲು ಎಲ್ಲಿ ಹೋಯ್ತು ಅಂತಾನೂ ಕೆಳಗೆ ಒಂದು ಸಾಲು ಬರಿ. ಗೇಟಿನವನು ನೋಡಿದ್ದಾನೆ" ಅಂದರು. ಆಮೇಲೆ ಮೆತ್ತಗೆ, "ನಾನು ಅದನ್ನ ಕೇಳಲ್ಲ, ನೀನು ಇದನ್ನ ಬರೀಬೇಡ" ಅಂದರು.

ನಿನ್ನಿಂದ ವಾಪಸ್ ಕೇಳಬಹುದಿತ್ತು. ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ಅವಳ ಉಸಿರಾಟ ಹೊರಗೇ ಕೇಳಿಸುತ್ತಿತ್ತು, ನನ್ನ ಈ ಕಿವಿಗೂ. ಕೇಳಲಾಗಲಿಲ್ಲ.

ಸಹಿ ಹಾಕುವಾಗ ಕೈ ನಡುಗಲಿಲ್ಲ ಅಂದೆಯಲ್ಲ. ಮೋಡ ಕಂಡ ದಿನ ಬೆಳಿಗ್ಗೆ ಬಂದ ತಕ್ಷಣ, ಮಳೆ ಬರುವುದಕ್ಕೆ ಮುಂಚೆಯೇ ಬರೆದು ಇಟ್ಟುಬಿಡುತ್ತಿದ್ದೆ. ಮಳೆ ನೋಡಿಕೊಂಡು ಬರೆಯಲು ನನ್ನಿಂದ ಆಗುತ್ತಿರಲಿಲ್ಲ.

ಅಪ್ಪ

*

ಆಗಸ್ಟ್ ೧೮

ಅಪ್ಪಾ,

ನಿನ್ನ ಕಾಗದ ಓದಿ ಸಿಟ್ಟು ಇಳಿಯುತ್ತೆ ಅಂದುಕೊಂಡಿದ್ದೆಯಾ? ಏರಿದೆ. ಆದರೆ ಈಗ ಅದಕ್ಕೆ ವಿಳಾಸ ಸರಿಯಾಗಿ ಗೊತ್ತು.

ನೀನು ಕದ್ದದ್ದು ಒಂದು ತೇಪೆ ಹಾಕಿದ ತಾಡಪಾಲು. ಆ ಮನುಷ್ಯ ಕದ್ದದ್ದು ಇಡೀ ಸೂರು. ನಿನ್ನ ಕಳ್ಳತನವನ್ನು ಮೂಗುದಾರ ಮಾಡಿ, ಮೂರು ರಾಶಿಯ ವಿಷವನ್ನು ನಿನ್ನ ಕೈಯಿಂದಲೇ ಮುಚ್ಚಿಸಿದ್ದಾನೆ, ಪೆನ್ನಿನಲ್ಲಿ. ಅವನ ಮಾಲಿಗೆ ತಗಡಿನ ಸೂರು, ಅದರ ಕೆಳಗೆ ಮತ್ತೊಂದು ತಾಡಪಾಲು. ನಿನ್ನ ಮೊಮ್ಮಗಳಿಗೂ ಅವಳ ಬೀದಿಗೂ ಸೇರಿ ಒಂದು. ಅದನ್ನು ನಾವಿಬ್ಬರೂ ಅತ್ತಿಂದಿತ್ತ ಎಳೆದಾಡಿಕೊಂಡು ಒಬ್ಬರಿಗೊಬ್ಬರು ಬೈದುಕೊಳ್ಳಬೇಕು, ಅವನು ಟೀ ಕುಡಿಯಬೇಕು.

ಇವತ್ತು ಬೆಳಿಗ್ಗೆ ನಾನೂ ಇವರೂ ಸೇರಿ ತಾಡಪಾಲು ಇಳಿಸಿದೆವು. ತೊಳೆದು, ಒಣಗಿಸಿ, ನೀನು ಕಲಿಸಿದ ಹಾಗೆ ನಾಲ್ಕು ಮಡಿಕೆ ಮಾಡಿ ಹಗ್ಗ ಸುತ್ತಿದ್ದೇವೆ. ತೊಟ್ಟಿಲನ್ನು ಅಡುಗೆಮನೆಗೆ ಎಳೆದಿದ್ದೇನೆ. ಅಲ್ಲಿ ಒಂದೇ ಕಡೆ ಸೋರುತ್ತೆ, ಪಾತ್ರೆ ಇಟ್ಟರೆ ಸಾಕು. ಮಾಲೀಕನಿಗೆ ಬೇರೆ ಕಾಗದ ಬರೆದಿದ್ದೇನೆ, ಅದರ ಭಾಷೆ ನಿನಗೆ ತೋರಿಸುವ ಹಾಗಿಲ್ಲ.

ನಾಳೆ ಇವರು ಇದನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಹಿಂದಿನ ಗೇಟಿನಿಂದಲ್ಲ, ಮುಂದಿನ ಗೇಟಿನಿಂದ, ಕೆಲಸಕ್ಕೆ ಜನ ಒಳಗೆ ಹೋಗುವ ಹೊತ್ತಿಗೆ. ಎಲ್ಲಿತ್ತು ಅಂತ ಯಾರು ಕೇಳಿದರೂ "ನಮ್ಮ ಮನೆ ಮೇಲೆ" ಅಂತ ಗಟ್ಟಿಯಾಗಿ ಹೇಳಲು ಹೇಳಿದ್ದೇನೆ. ಮೊದಲು ಹಿಂಜರಿದರು. ಆಮೇಲೆ, "ಅಂಚೆಯವನು ಹೋಗಿ ಹಮಾಲಿ ಆದೆ" ಅಂದರು.

ಅವನ ಕೈಯಲ್ಲಿದ್ದ ಮೂಗುದಾರ ಈಗ ತುಂಡಾಯಿತು. ಇನ್ನು ಉಳಿದದ್ದು ಪುಸ್ತಕ. ಮುಂದಿನ ಮಳೆಗೆ ನೀನು ಏನು ಬರೆಯುತ್ತೀಯ ಅಂತ ಮಾತ್ರ ನನಗೆ ಬೇಕು. ಆ ಪುಸ್ತಕದ ಹಳದಿ ನಕಲು ತಿಂಗಳಿಗೊಮ್ಮೆ ಮಾಲಿನ್ಯ ಕಚೇರಿಗೆ ಹೋಗುತ್ತದಂತೆ, ಅವರ ಉತ್ತರದಲ್ಲೇ ಇದೆ. ನಿನ್ನ ಅಕ್ಷರ ಇಲ್ಲದಿದ್ದರೆ ನನ್ನ ದೂರು ಬರೀ ಬೊಗಳುವಿಕೆ.

ಮಳೆ ನೋಡಿಕೊಂಡೇ ಬರಿ.

ಮಗಳು

*

ಆಗಸ್ಟ್ ೨೭

ಪುಟ್ಟಿ,

ನಿನ್ನೆ ಮೂರು ಗಂಟೆಗೆ ಮಳೆ ಬಂತು. ಗೋಡೆ ಪಕ್ಕ ನಿಂತು ನೋಡಿದೆ. ಆಮೇಲೆ ಬಂದು ಬರೆದೆ. ನಿನಗೂ ಒಂದು ನಕಲು ಇಳಿಸಿ ಕಳಿಸಿದ್ದೇನೆ.

"ಆಗಸ್ಟ್ ೨೬. ರಾಶಿ ೧: ತಾಡಪಾಲು ಹರಿದಿದೆ, ಮುಚ್ಚಿದ ಹಾಗಲ್ಲ. ರಾಶಿ ೨: ಮುಚ್ಚಿದೆ. ಈ ತಾಡಪಾಲನ್ನು ಮೇ ೨೪ರಂದು ನಾನು ಯಾರನ್ನೂ ಕೇಳದೆ ನನ್ನ ಮಗಳ ಮನೆಗೆ ಒಯ್ದಿದ್ದೆ, ಆಗಸ್ಟ್ ೧೯ಕ್ಕೆ ವಾಪಸ್ ಬಂದಿದೆ. ರಾಶಿ ೩: ಮುಚ್ಚಿಲ್ಲ, ಇದರ ತಾಡಪಾಲು ಶೆಡ್ಡಿನ ಪೆಟ್ಟಿಗೆಗಳ ಮೇಲಿದೆ. ಜೂನ್ ೧ರಿಂದ ಮೂರೂ ರಾಶಿ ಬಯಲಲ್ಲಿವೆ. ಬಿಳಿ ನೀರು ಗೋಡೆಯ ಬಿರುಕಿನಿಂದ ಚರಂಡಿಗೆ ಇಳಿಯುವುದನ್ನು ಕಣ್ಣಾರೆ ನೋಡಿದೆ. ಜೂನ್ ೮ರಿಂದ ಆಗಸ್ಟ್ ೧೭ರವರೆಗೆ ನಾನು ಬರೆದ ಎಲ್ಲಾ ಸಾಲುಗಳೂ ಸುಳ್ಳು."

ಹಳದಿ ಹಾಳೆಯನ್ನು ಟಪ್ಪಾಲಿಗೆ ಹಾಕಲಿಲ್ಲ. ನಾನೇ ಬಸ್ಸು ಹತ್ತಿ ಹೋಗಿ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆ. ಗುಮಾಸ್ತ ಎರಡು ಸಲ ಓದಿ, "ಇದು ನೀವೇ ಬರೆದದ್ದಾ?" ಅಂದ. ಹೌದಪ್ಪಾ, ಇದೊಂದೇ ನಾನು ಬರೆದದ್ದು ಅಂದೆ.

ಮ್ಯಾನೇಜರ್ ಪುಸ್ತಕ ಕಿತ್ತುಕೊಂಡರು. ನನ್ನನ್ನು ಯಾರ್ಡಿನಿಂದ ತೆಗೆದಿದ್ದಾರೆ. ಕ್ವಾರ್ಟರ್ಸ್ ತಿಂಗಳ ಒಳಗೆ ಬಿಡಬೇಕು. ಗೇಟಿನವನು ಬಂದು ಕೈ ಹಿಡಿದುಕೊಂಡ.

ನನ್ನ ಬಗ್ಗೆ ಯೋಚನೆ ಬೇಡ. ಮೂರನೇ ರಾಶಿ ಇನ್ನೂ ಬೋಳಾಗಿಯೇ ಇದೆ, ಅದೊಂದು ಕೊರಗು.

ಅಪ್ಪ

*

ಸೆಪ್ಟೆಂಬರ್ ೧೦

ಅಪ್ಪಾ,

ನಿನ್ನೆ ಮಾಲಿನ್ಯ ಕಚೇರಿಯವರು ಬಂದಿದ್ದರು. ಬಿಸಿಲಲ್ಲಲ್ಲ, ಮಳೆ ಸುರಿಯುವಾಗಲೇ. ಒಬ್ಬ ಹುಡುಗಿ, ನನ್ನ ವಯಸ್ಸಿನವಳೇ, ರೇನ್‌ಕೋಟ್ ಹಾಕಿಕೊಂಡು ನಮ್ಮ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ನಾಲ್ಕು ಬಾಟಲಿ ತುಂಬಿಸಿಕೊಂಡಳು. ದರ್ಜಿ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದರು. ನಿಮ್ಮ ಮ್ಯಾನೇಜರ್ ದೂರದಲ್ಲಿ ತಮ್ಮ ಕೊಡೆಯ ಕೆಳಗೆ ನಿಂತಿದ್ದರು. ಅವರನ್ನು ನೋಡಿದಾಗ ನನಗೆ ಅನ್ನಿಸಿದ್ದು ಒಂದೇ. ಈ ಮನುಷ್ಯ ಎಲ್ಲಿ ಹೋದರೂ ತಾನು ಮಾತ್ರ ನೆನೆಯುವುದಿಲ್ಲ.

ನಿನ್ನ ಹಳದಿ ಹಾಳೆ ಅವಳ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿತ್ತು. ಶೆಡ್ಡು ಖಾಲಿ ಮಾಡಿಸಿ ರಾಶಿಗಳನ್ನು ಒಳಗೆ ಹಾಕಲು ಹದಿನೈದು ದಿನದ ನೋಟಿಸ್ ಕೊಡುತ್ತಾರಂತೆ. ಕೊಡಲಿ, ನೋಡೋಣ. ಹದಿನಾರನೇ ದಿನ ಮತ್ತೆ ಗೋಡೆಯ ಬಿರುಕಿನಲ್ಲಿ ನನ್ನ ಕಣ್ಣಿರುತ್ತೆ.

ಸಿಟ್ಟು ಹೋಗಿಲ್ಲ. ಇಲಿಮರಿಯ ಕಾಲಿನ ಗುಳ್ಳೆ ನೋಡಿದಾಗಲೆಲ್ಲ ಆ ಹದಿನೇಳು ಸಾಲು ಕಣ್ಣಿಗೆ ಕಟ್ಟುತ್ತೆ. ಒಂದು ಪುಟ ನಿಜ ಬರೆದ ಮಾತ್ರಕ್ಕೆ ಹಿಂದಿನದೆಲ್ಲ ಅಳಿಸುತ್ತೆ ಅಂದುಕೊಳ್ಳಬೇಡ. "ನನ್ನ ಬಗ್ಗೆ ಯೋಚನೆ ಬೇಡ" ಅಂತ ಬರೆದಿದ್ದೀಯಲ್ಲ, ಅದಕ್ಕೂ ಸೇರಿಸಿ ಸಿಟ್ಟು.

ಭಾನುವಾರ ಇವರು ಕೈಗಾಡಿ ತರುತ್ತಾರೆ. ನಿನ್ನ ಟ್ರಂಕು, ಹಾಸಿಗೆ, ಅಮ್ಮನ ದಬ್ಬಳ ಎಲ್ಲಾ ಅದಕ್ಕೆ ಹೇರಿ ಬಂದುಬಿಡು. ಮುಂದಿನ ಕೋಣೆ ನಿನಗೆ. ಎರಡು ಕಡೆ ಸೋರುತ್ತೆ, ಮೊದಲೇ ಹೇಳಿದ್ದೇನೆ. ಮಾಲೀಕನ ತಗಡು ಬರುವವರೆಗೆ ಇರಲಿ ಅಂತ ಹೊಸ ತಾಡಪಾಲು ಕೊಂಡಿದ್ದೇವೆ. ಅಂಗಡಿಯಿಂದ ಬಂದ ಮಡಿಕೆ ಇನ್ನೂ ಬಿಚ್ಚಿಲ್ಲ. ಒಂದು ತುದಿ ಹಿಡಿಯಲು ನಾನಿದ್ದೇನೆ.

ಬೈಯುವುದು ಇನ್ನೂ ತುಂಬಾ ಬಾಕಿಯಿದೆ. ಅದನ್ನೆಲ್ಲ ಇನ್ನು ಬರೆಯುವುದಿಲ್ಲ. ನೀನು ಏಣಿಯ ಆ ಕಡೆ ಹತ್ತು, ನಾನು ಈ ಕಡೆಯಿಂದ ಬೈಯುತ್ತೇನೆ, ನಿನ್ನ ಆ ಅರ್ಧ ಕಿವಿಗೂ ಕೇಳುವಷ್ಟು ಜೋರಾಗಿ.

ನಿನ್ನ ಮಗಳು